ಸಿ.ಐ.ಡಿ. 999 ನಮ್ಮ ಕಡೆಗೆ ಬಂದಾಗ

ಕನಕದಾಸರ ಕೈಯಲ್ಲಿ ಪಿಸ್ತೂಲು!

ಇದು ನಗೆಯ ಮಾತಲ್ಲ. ಈಗ ಹಾವೇರಿ ಜಿಲ್ಲೆಗೂ ಆಗ ಅಖಂಡ ಧಾರವಾಡ ಜಿಲ್ಲೆಗೂ ಸೇರಿದ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ ನಮ್ಮ ಹಿರಿಯರನ್ನು ಕೆಲವು ಕಾಲ ಕಾಡಿದ ಚಿಂತೆ ಇದು. ಕನಕದಾಸರು ಹುಟ್ಟಿದ ಬಾಡ ಗ್ರಾಮ ಇದೇ ತಾಲ್ಲೂಕಿನದು. 1960ರಲ್ಲಿ ‘ಭಕ್ತ ಕನಕದಾಸ’ ಚಿತ್ರ ಬಂದಾಗ ಆ ಪಾತ್ರವನ್ನು ಧರಿಸಿದವರು ರಾಜಕುಮಾರ್. ಉಳಿದ ಊರುಗಳವರಿಗೆ ಅವರು ಚಿತ್ರನಟರಾಗಿದ್ದರು; ಈ ಸೀಮೆಯವರಿಗೆ ಮಾತ್ರ ಅವರು ‘ನಮ್ಮ ಕನಕಪ್ಪ’. ಅದಕ್ಕೂ ಮುಂಚೆ ಬೇಡರ ಕಣ್ಣಪ್ಪ, ಆ ಬಳಿಕ ಸಂತ ತುಕಾರಾಮ, ಸತ್ಯ ಹರಿಶ್ಚಂದ್ರ, ಮಂತ್ರಾಲಯದ ರಾಘವೇಂದ್ರಸ್ವಾಮಿಗಳು — ಹೀಗೆ ದೇವರ ಮನೆಯ ಪಟಗಳ ಸಾಲಿನಿಂದ ಒಬ್ಬೊಬ್ಬರಾಗಿ ಇಳಿದುಬಂದವರೆಲ್ಲರಿಗೂ ಅದೇ ಮುಖ, ಅದೇ ಕಂಠ. ಆ ಮುಖದವರು 1968ರಲ್ಲಿ ಕೋಟು ತೊಟ್ಟು, ಕೈಯಲ್ಲಿ ಪಿಸ್ತೂಲು ಹಿಡಿದು, ಭಿತ್ತಿಪತ್ರದಲ್ಲಿ ನಿಂತರು. ಚಿತ್ರದ ಹೆಸರು ‘ಜೇಡರ ಬಲೆ’. ಪಾತ್ರದ ಹೆಸರು ಪ್ರಕಾಶ. ಗುಪ್ತಚಾರ ಇಲಾಖೆಯಲ್ಲಿ ಅವನ ಸಂಖ್ಯೆ 999.

“ನಿನ್ನೆ ಮೊನ್ನಿ ತನಕಾ ತಂಬೂರಿ ಹಿಡದಾಂವಗ ಪಿಸ್ತೂಲು ಯಾರ ಕೊಟ್ಟರೋ?” ಎಂದು ನಮ್ಮ ಅಜ್ಜ ಕಟ್ಟೆಯ ಮೇಲೆ ಕುಳಿತು ಕೇಳಿದುದೂ, “ಕನಕಪ್ಪನೂ ಮೊದಲ ದಂಡನಾಯಕನ ಇದ್ದಾನಲ್ಲೊ ಅಪ್ಪಾ. ಕತ್ತಿ ಹಿಡದ ಕೈನ ಆಮ್ಯಾಲೆ ತಂಬೂರಿ ಹಿಡದಿದ್ದು” ಎಂದು ನಮ್ಮ ಕಾಕಾ ಮರುತ್ತರ ಕೊಟ್ಟುದೂ ಇಂದಿಗೂ ಕಿವಿಯಲ್ಲಿದೆ. ಕಾಕಾನ ವಾದದಲ್ಲಿ ಇತಿಹಾಸದ ಬಲವಿತ್ತು. ಆದರೆ ಅಜ್ಜನ ಆತಂಕ ಇತಿಹಾಸದ್ದಾಗಿರಲಿಲ್ಲ, ನಂಬಿಕೆಯದಾಗಿತ್ತು. ಚಿತ್ರವೊಂದನ್ನು ನೋಡಲು ಹೆಂಗಸರು ಮಕ್ಕಳನ್ನು ಕಳಿಸಬಹುದೇ ಕೂಡದೇ ಎಂಬುದನ್ನು ಆ ಕಾಲದಲ್ಲಿ ಅನೇಕ ಮನೆಗಳು ಆ ಒಂದು ಹೆಸರನ್ನು ನೋಡಿಯೇ ತೀರ್ಮಾನಿಸುತ್ತಿದ್ದವು. ಆ ಹೆಸರಿಗೆ ಪೆಟ್ಟು ಬಿದ್ದರೆ ಚಿತ್ರಮಂದಿರದ ಬಾಗಿಲೇ ಅರ್ಧ ಮುಚ್ಚಿದಂತೆ.

ಏಳರಿಂದ ಒಂಬತ್ತಕ್ಕೆ

ಈ 999 ಎಲ್ಲಿಂದ ಹುಟ್ಟಿದ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಇಯಾನ್ ಫ್ಲೆಮಿಂಗ್ ಎಂಬ ಲೇಖಕರು 1953ರಲ್ಲಿ ‘ಕ್ಯಾಸಿನೊ ರಾಯಲ್’ ಎಂಬ ಕಾದಂಬರಿಯಲ್ಲಿ ಜೇಮ್ಸ್ ಬಾಂಡ್ ಎಂಬ ಗೂಢಚಾರನನ್ನು ಸೃಷ್ಟಿಸಿದರು. ಅವನ ಸಂಖ್ಯೆ 007. 1962ರಲ್ಲಿ ‘ಡಾಕ್ಟರ್ ನೋ’ ಚಿತ್ರದ ಮೂಲಕ ಅವನು ತೆರೆಗೆ ಬಂದ. ಮರುವರ್ಷ ಎರಡನೆಯ ಚಿತ್ರ, 1964ರಲ್ಲಿ ‘ಗೋಲ್ಡ್‌ಫಿಂಗರ್’, 1965ರಲ್ಲಿ ‘ಥಂಡರ್‌ಬಾಲ್’. ಬೆಂಗಳೂರಿನ ದಂಡುಪ್ರದೇಶದ ಪ್ಲಾಜಾ, ರೆಕ್ಸ್ ಮೊದಲಾದ ಇಂಗ್ಲಿಷ್ ಚಿತ್ರಮಂದಿರಗಳಿಗೆ ಹೋಗುವ ಅಭ್ಯಾಸವುಳ್ಳವರಿಗೆ ಇಂಥ ಚಿತ್ರಗಳ ರುಚಿ ಗೊತ್ತಿತ್ತು. ಅರಸೀಕೆರೆಯನ್ನು ದಾಟಿ ಉತ್ತರಕ್ಕೆ ಬಂದರೆ ಅವುಗಳ ಸುದ್ದಿ ಮಾತ್ರ ಬರುತ್ತಿತ್ತು, ಸುದ್ದಿಯೂ ತಡವಾಗಿ.

ನೆರೆಹೊರೆಯ ಭಾಷೆಗಳು ಸುಮ್ಮನಿರಲಿಲ್ಲ. ತಮಿಳಿನಲ್ಲಿ ಜೈಶಂಕರ್ ಅವರ ‘ವಲ್ಲವನ್ ಒರುವನ್’, ತೆಲುಗಿನಲ್ಲಿ ಕೃಷ್ಣ ಅವರ ‘ಗೂಢಚಾರಿ 116’ — ಎರಡೂ 1966ರವು. ತೆಲುಗಿನದೇ ಮರುವರ್ಷ ಹಿಂದಿಯಲ್ಲಿ ಜಿತೇಂದ್ರ ಅವರ ‘ಫರ್ಜ್’ ಆಯಿತು. ಮಲಯಾಳದ ‘ಸಿ.ಐ.ಡಿ. ನಸೀರ್’ ಬಂದುದು 1971ರಲ್ಲಿ. ಆದುದರಿಂದ ಕನ್ನಡದ ದೊರೈ–ಭಗವಾನ್ ಜೋಡಿ ಇಂಥದೊಂದು ಚಿತ್ರಕ್ಕೆ ಕೈಹಾಕಿದುದರಲ್ಲಿ ಅಚ್ಚರಿಯೇನೂ ಇಲ್ಲ. ಛಾಯಾಗ್ರಾಹಕರಾಗಿದ್ದ ದೊರೈರಾಜ್ ಮತ್ತು ಎಸ್. ಕೆ. ಭಗವಾನ್ ಇಬ್ಬರೂ ಸೇರಿ ನಿರ್ದೇಶಿಸಿದ ಈ ಸಾಹಸಕ್ಕೆ ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಅಚ್ಚರಿಯ ಸಂಗತಿ ಬೇರೆಯೇ ಇದೆ. ಭಕ್ತನ, ಅರಸನ ಪಾತ್ರಗಳಲ್ಲಿ ಹೆಸರು ಗಳಿಸಿದ ಅಗ್ರನಟನನ್ನೇ ಅವರು ಈ ಪಾತ್ರಕ್ಕೆ ಆರಿಸಿದರು. ಆ ನಟ ಒಪ್ಪಿದರು. ಮತ್ತು ಒಂದೇ ಪಾತ್ರವನ್ನು ಒಬ್ಬರೇ ನಟರು ನಾಲ್ಕು ಚಿತ್ರಗಳಲ್ಲಿ ಧರಿಸಿದರು. ಒಂದು ಲೆಕ್ಕ ಕುತೂಹಲಕರವಾಗಿದೆ: ಮೊದಲ ಬಾಂಡ್ ಶಾನ್ ಕಾನರಿ ಹುಟ್ಟಿದುದು 1930ರ ಆಗಸ್ಟಿನಲ್ಲಿ; ನಮ್ಮ ರಾಜಕುಮಾರ್ 1929ರ ಏಪ್ರಿಲಿನಲ್ಲಿ. ವಯಸ್ಸಿನಲ್ಲಿ 999 ನೇ 007ಕ್ಕೆ ಅಣ್ಣ.

ಇಲ್ಲಿ ಇನ್ನೊಂದು ಕಾರಣವನ್ನೂ ಹೇಳಬೇಕು. 1960ರ ದಶಕದ ಮೊದಲ ವರ್ಷಗಳಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಮೊದಲಾದವರ ಕನ್ನಡ ಚಳವಳಿಯ ಫಲವಾಗಿ, ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಿ ತೋರಿಸುವ ಪದ್ಧತಿ ನಿಂತುಹೋಗಿತ್ತು. ರಾಜಕುಮಾರ್ ಅವರೂ ಆ ವಿರೋಧದ ಪಕ್ಷದಲ್ಲಿದ್ದವರೇ. ಹೀಗಾಗಿ ಬಾಂಡನ ಬಾಯಲ್ಲಿ ಕನ್ನಡ ಕೇಳುವ ಸಂಭವವೇ ಇರಲಿಲ್ಲ. ಇಂಗ್ಲಿಷ್ ಅರಿಯದ ರೈತನಿಗೆ, ಮಾಸ್ತರನಿಗೆ, ಅಂಗಡಿಕಾರನಿಗೆ ಗೂಢಚಾರನ ಕಥೆ ಬೇಕೆಂದರೆ ಅದನ್ನು ಕನ್ನಡದಲ್ಲಿಯೇ ಹೊಸದಾಗಿ ಕಟ್ಟಬೇಕಾಗಿತ್ತು. ಡಬ್ಬಿಂಗ್ ಬೇಕೇ ಬೇಡವೇ ಎಂಬ ಜಗಳ ಮುಂದೆ ಐವತ್ತು ವರ್ಷ ನಡೆಯಿತು. 2015ರಲ್ಲಿ ಸ್ಪರ್ಧಾ ಆಯೋಗವು ಅಡ್ಡಿಪಡಿಸುವವರ ವಿರುದ್ಧ ತೀರ್ಪು ಕೊಟ್ಟ ಮೇಲೆ ಬಾಗಿಲು ಮತ್ತೆ ತೆರೆಯಿತು. ಎರಡೂ ಪಕ್ಷದವರ ಮಾತಿನಲ್ಲಿ ತಿರುಳಿದೆ. ಆದರೆ ಕಾನರಿ ಸಾಹೇಬರು 1965ರಲ್ಲಿಯೇ ಕನ್ನಡ ಮಾತನಾಡಿಬಿಟ್ಟಿದ್ದರೆ ನಮಗೆ ‘ಜೇಡರ ಬಲೆ’ ದಕ್ಕುತ್ತಿತ್ತೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ದಕ್ಕುತ್ತಿರಲಿಲ್ಲ.

ಪತ್ತೇದಾರನನ್ನು ಬಲ್ಲ ಓದುಗರು

ಹಳ್ಳಿಯ ಜನ ಗೂಢಚಾರನ ಚಿತ್ರವನ್ನು ನೋಡಿ ಬೆಪ್ಪಾಗಿ ಕುಳಿತಿರಬಹುದು ಎಂದು ಪಟ್ಟಣದವರು ಎಣಿಸುವುದುಂಟು. ಅದು ಸರಿಯಲ್ಲ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಎಂಬ ಕಾದಂಬರಿಯಿಂದ ಬರವಣಿಗೆ ಆರಂಭಿಸಿದ ಎನ್. ನರಸಿಂಹಯ್ಯನವರು, ಶಾಲೆಯ ಕೆಲವೇ ತರಗತಿಗಳನ್ನು ಓದಿದವರಾದರೂ, ಐದುನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅಗ್ಗದ ಬೆಲೆಯ ಆ ಪುಸ್ತಕಗಳು ಬಸ್‌ಸ್ಟ್ಯಾಂಡುಗಳಲ್ಲಿ ಮಾರಾಟವಾಗಿ, ಬಾಡಿಗೆ ಗ್ರಂಥಾಲಯಗಳಲ್ಲಿ ರಟ್ಟು ಹರಿದು, ಕೊನೆಗೆ ಯಾರದೋ ಮದುವೆಯ ದಿಬ್ಬಣದೊಡನೆ ಹಳ್ಳಿಗೆ ಬರುತ್ತಿದ್ದವು. ಕೊನೆಯ ನಾಲ್ಕು ಪುಟ ಇರುತ್ತಿರಲಿಲ್ಲ. ಅಪರಾಧಿ ಯಾರೆಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು. ಹೀಗೆ ಪಳಗಿದ ಕಣ್ಣುಗಳಿಗೆ ರಹಸ್ಯ ಬಾಗಿಲು, ಸುಳ್ಳು ಮೀಸೆ, ಗೋಡೆಯ ಹಿಂದಿನ ಖೋಲಿ ಇವಾವುವೂ ಹೊಸತಲ್ಲ. ಹೊಸತೆಂದರೆ ಅವೆಲ್ಲ ಚಲಿಸುವುದು.

ಚಲಿಸುವ ಆಟಕ್ಕೂ ಅವರು ಹೊಸಬರಾಗಿರಲಿಲ್ಲ. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳನ್ನು ರಾತ್ರಿಯಿಡೀ ನೋಡಿದವರು, ನಾಟಕ ಕಂಪನಿಗಳ ಕ್ಯಾಂಪು ಬಿದ್ದಾಗ ಜೋಳ ಮಾರಿ ತಿಕೀಟು ಕೊಂಡವರು. ಅಂಥ ಪ್ರೇಕ್ಷಕನಿಗೆ ರಂಗದ ಮೇಲಿನವನೊಡನೆ ಮಾತನಾಡುವ ಹಕ್ಕು ಇದೆ. ಚೆನ್ನಾಗಿ ಹಾಡಿದರೆ ‘ಒನ್ಸ್ ಮೋರ್’ ಎನ್ನುತ್ತಾನೆ. ಖಳನು ಮಿತಿಮೀರಿದರೆ ಎದ್ದುನಿಂತು ಬಯ್ಯುತ್ತಾನೆ. ಬೆಳ್ಳಿತೆರೆಗೆ ಕಿವಿಯಿಲ್ಲ ಎಂಬ ಕಾರಣಕ್ಕೆ ಈ ಹಕ್ಕನ್ನು ಬಿಟ್ಟುಕೊಡಲು ಆತ ಸಿದ್ಧನಿರಲಿಲ್ಲ.

ಡೇರೆಯೊಳಗೆ

ಹೊಸ ಚಿತ್ರ ಬೆಂಗಳೂರಿನಲ್ಲಿ ತೆರೆಕಂಡು, ಹುಬ್ಬಳ್ಳಿಯನ್ನು ಮುಟ್ಟಿ, ಅಲ್ಲಿಂದ ತಾಲ್ಲೂಕಿನ ಊರುಗಳ ಡೇರೆಗೆ ಬರುವಷ್ಟರಲ್ಲಿ ತಿಂಗಳುಗಳು, ಕೆಲವೊಮ್ಮೆ ವರ್ಷವೇ ಉರುಳುತ್ತಿತ್ತು. ಪ್ರತಿಯ ಮೈತುಂಬ ಗೀರು. ತೆರೆಯ ಮೇಲೆ ಬಿಡುವಿಲ್ಲದ ಮಳೆ. ಅಲ್ಲಲ್ಲಿ ತುಂಡಾಗಿ ಅಂಟಿಸಿದ ಕಡೆ ನಾಯಕನು ಮೆಟ್ಟಿಲ ಮೇಲಿಂದ ನೇರವಾಗಿ ಮೋಟಾರಿನೊಳಕ್ಕೆ ಹಾರುತ್ತಿದ್ದನು. ಗೂಢಚಾರನಾದುದರಿಂದ ಅದನ್ನೂ ಅವನ ಚಮತ್ಕಾರವೆಂದೇ ಜನ ಒಪ್ಪಿಕೊಂಡರು!

ಹಗಲು ಊರೂರಿಗೆ ಚಕ್ಕಡಿಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬಂದು, ಬಣ್ಣದ ತೆಳು ಕಾಗದದ ಹ್ಯಾಂಡಬಿಲ್ಲುಗಳನ್ನು ತೂರಿ ಹೋಗುತ್ತಿದ್ದರು. ಸಂಜೆಗೆ ಭಕ್ತಿಗೀತೆಯ ತಟ್ಟೆ ಹಚ್ಚಿದರೆಂದರೆ ಆಟ ಆರಂಭವಾಗುವ ಸೂಚನೆ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಹೆಂಗಸರಿಗೆ ಒಂದು ಬದಿ ಬೇರೆ. ನೆಲದವರು ಮರಳನ್ನು ಗುಡ್ಡೆ ಮಾಡಿ ಎತ್ತರದ ಆಸನ ಮಾಡಿಕೊಂಡರೆ ಹಿಂದಿನವರೊಡನೆ ವ್ಯಾಜ್ಯ. ಯಂತ್ರ ಒಂದೇ ಇದ್ದುದರಿಂದ ರೀಲು ಬದಲಿಸಿದಾಗಲೆಲ್ಲ ದೀಪ ಹತ್ತುತ್ತಿತ್ತು. ಪಟ್ಟಣದ ಪ್ರೇಕ್ಷಕರಿಗೆ ಸಿಗದ ಲಾಭವೊಂದು ಇದರಲ್ಲಿತ್ತು: ಪ್ರತಿ ರೀಲಿನ ಕೊನೆಗೆ ಚರ್ಚೆ ನಡೆಯುತ್ತಿತ್ತು. ಶೇಂಗಾ ಸುಲಿಯುತ್ತ, ಸೋಡಾ ಕುಡಿಯುತ್ತ, ಮುಂದೇನಾಗುವುದೆಂದು ಇಡೀ ಡೇರೆ ಎರಡು ಪಕ್ಷವಾಗಿ ವಾದಿಸುತ್ತಿತ್ತು. ಒಮ್ಮೆ ನೋಡಿದವನು ಪಕ್ಕದಲ್ಲಿದ್ದರೆ ಅವನ ಬಾಯಿ ಮುಚ್ಚಿಸುವುದೇ ಒಂದು ಕೆಲಸ.

999 ಕತ್ತಲೆ ಕೋಣೆಯೊಳಕ್ಕೆ ಹೆಜ್ಜೆಯಿಟ್ಟಾಗ, “ಹಿಂದ ನೋಡಪಾ, ಹಿಂದ!” ಎಂಬ ಕೂಗು ಒಂದಲ್ಲ, ನೂರು ಬಾಯಿಗಳಿಂದ. ಆತ ತಿರುಗಿ ನೋಡಿ ಗುದ್ದಿದನೆಂದರೆ ತಾವೇ ಎಚ್ಚರಿಸಿದೆವೆಂಬ ಹೆಮ್ಮೆ. ನರಸಿಂಹರಾಜು ಅವರು ಕಾಣಿಸಿಕೊಂಡೊಡನೆ, ಅವರು ಬಾಯಿ ತೆರೆಯುವುದಕ್ಕೆ ಮೊದಲೇ ನಗೆ. ಭಯ ಹೆಚ್ಚಾದಾಗಲೆಲ್ಲ ಅವರು ಬಂದೇ ಬರುವರೆಂಬ ಭರವಸೆ ಮಕ್ಕಳಿಗೂ ಇತ್ತು. ಆ ಕಾರಣದಿಂದಲೇ ಎಷ್ಟೋ ಮಕ್ಕಳು ತಾಯಿಯ ಸೆರಗಿನಿಂದ ಮುಖ ಹೊರಗೆ ಹಾಕಿ ಚಿತ್ರ ನೋಡಿದವು.

ಸಂಖ್ಯೆಯ ಬಗೆಗೂ ಜಿಜ್ಞಾಸೆ ನಡೆಯಿತು. ಇಂಗ್ಲೆಂಡಿನಲ್ಲಿ 1937ರಿಂದ 999 ಎಂಬುದು ಆಪತ್ಕಾಲದಲ್ಲಿ ಪೊಲೀಸರನ್ನು ಕರೆಯುವ ದೂರವಾಣಿ ಸಂಖ್ಯೆ. ಊರಿಗೊಂದು ದೂರವಾಣಿಯೂ ಇಲ್ಲದ ಕಡೆ ಈ ಅರ್ಥ ಹೇಗೆ ತಿಳಿಯಬೇಕು? “ಸಾವಿರಕ್ಕ ಒಂದ ಯಾಕ ಕಡಿಮಿ?” ಎಂಬುದೇ ಕಟ್ಟೆಯ ಪ್ರಶ್ನೆ. ಸಾವಿರನೆಯವನು ಅವರ ಸಾಹೇಬನಿರಬೇಕು ಎಂದು ಗ್ರಾಮಸೇವಕರು ಕೊಟ್ಟ ವಿವರಣೆಯನ್ನು ಎಲ್ಲರೂ ಒಪ್ಪಿದರು.

ಚಿನ್ನದ ಸಂಗತಿ

‘ಜೇಡರ ಬಲೆ’ಯ ಕಥೆಯ ಬೇರು ಚಿನ್ನದಲ್ಲಿದೆ. ಸಾಮಾನ್ಯ ಲೋಹವನ್ನು ಚಿನ್ನವನ್ನಾಗಿ ಮಾರ್ಪಡಿಸುವ ಸೂತ್ರವನ್ನು ವಿಜ್ಞಾನಿಯೊಬ್ಬರು ಕಂಡುಹಿಡಿಯುತ್ತಾರೆ. ದುಷ್ಟರ ಕೂಟ ಅದರ ಬೆನ್ನು ಹತ್ತುತ್ತದೆ. ಪರುಷಮಣಿಯ ಹಳೆಯ ಕಥೆಗೆ ಪ್ರಯೋಗಶಾಲೆಯ ಹೊಸ ಅಂಗಿ ಎಂದು ವಿಮರ್ಶಕರು ಮೂಗು ಮುರಿಯಬಹುದು. ಆದರೆ ಅದನ್ನು ನೋಡಿದ ಜನ ಯಾವ ಕಾಲದವರು ಎಂಬುದನ್ನು ನೆನೆಯಬೇಕು. ಚೀನದ ಆಕ್ರಮಣದ ತರುವಾಯ, 1963ರ ಜನವರಿಯಲ್ಲಿ ಹಣಕಾಸಿನ ಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣವನ್ನು ಜಾರಿಗೆ ತಂದರು. 14 ಕ್ಯಾರಟಿಗಿಂತ ಹೆಚ್ಚು ಶುದ್ಧಿಯ ಹೊಸ ಒಡವೆಗಳನ್ನು ಮಾಡುವಂತಿರಲಿಲ್ಲ. ಆ ಕಟ್ಟು 1966ರಲ್ಲಿ ಸಡಿಲವಾದರೂ, ‘ಜೇಡರ ಬಲೆ’ ಬಂದ 1968ರಲ್ಲಿಯೇ ಚಿನ್ನ ನಿಯಂತ್ರಣದ ಕಾಯಿದೆ ಪಾರ್ಲಿಮೆಂಟಿನಲ್ಲಿ ಸ್ವೀಕೃತವಾಗಿ, 1990ರವರೆಗೆ ಬಾಳಿತು.

ದೇಶದ ಲೆಕ್ಕಪತ್ರದಲ್ಲಿ ಇದು ವಿದೇಶಿ ವಿನಿಮಯದ ಪ್ರಶ್ನೆ. ಹಳ್ಳಿಯಲ್ಲಿ ಇದು ಪತ್ತಾರರ ಹೊಟ್ಟೆಯ ಪ್ರಶ್ನೆ, ಮಗಳ ಲಗ್ನದ ಪ್ರಶ್ನೆ. ಅಗ್ಗಿಷ್ಟಿಕೆಯ ಮುಂದೆ ತಲೆತಲಾಂತರದಿಂದ ಕುಳಿತವರು ಕೆಲಸವಿಲ್ಲದೆ ಕೂಲಿಗೆ ಹೋದರು. ತಾಳಿಯ ಚಿನ್ನಕ್ಕೂ ಸರಕಾರದ ಲೆಕ್ಕವೇ ಎಂದು ತಾಯಂದಿರು ಶಾಪ ಹಾಕಿದರು. ಅಂಥವರ ಮುಂದೆ ತೆರೆಯ ಮೇಲೆ ಒಂದು ಸೂತ್ರದಿಂದ ಚಿನ್ನ ತಯಾರಾಗುವುದೆಂದರೆ! ಕುರ್ಚಿಯ ದರ್ಜೆಯವರಿಗೆ ಅದು ಕಟ್ಟುಕಥೆ. ನೆಲದವರು ಮಾತ್ರ ಉಸಿರು ಬಿಗಿಹಿಡಿದು ನೋಡಿದರು. ಬಾಂಡನ ‘ಗೋಲ್ಡ್‌ಫಿಂಗರ್’ ಕೂಡ ಚಿನ್ನದ ಕಥೆಯೇ. ಆದರೆ ಅಲ್ಲಿ ಗಂಡಾಂತರಕ್ಕೊಳಗಾದದ್ದು ಅಮೆರಿಕದ ಖಜಾನೆ. ಇಲ್ಲಿ ಪ್ರೇಕ್ಷಕರು ತಮ್ಮ ಮನೆಯ ಬೋರಮಾಳ ಸರವನ್ನು ಮನಸ್ಸಿನಲ್ಲಿಯೇ ಮುಟ್ಟಿ ನೋಡಿಕೊಂಡರು.

ಗೋವೆ ಮತ್ತು ಪ್ರತಿಸಲದ ಹೊಸ ನಾಯಕಿ

ಜನ ಮೆಚ್ಚಿದರೆಂಬುದಕ್ಕೆ ಅಂಕಿಸಂಖ್ಯೆಗಳ ಸಾಕ್ಷ್ಯ ಬೇಕಾಗಿಲ್ಲ. ಅದೇ 1968ರಲ್ಲಿಯೇ ಎರಡನೆಯ ಚಿತ್ರ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ಮೂರನೆಯದು ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಮೊದಲನೆಯದು ಬಿದ್ದಿದ್ದರೆ ಯಾವ ನಿರ್ಮಾಪಕನೂ ಹೀಗೆ ಓಡುವುದಿಲ್ಲ.

ಗೋವೆಯ ಹೆಸರು ನಮ್ಮ ಕಡೆಗೆ ವಿಶೇಷವಾಗಿ ಹಿಡಿಸಿತು. ಮೈಸೂರು, ಮಂಡ್ಯದವರಿಗೆ ಅದು ದೂರದ ವಿಲಾಸಭೂಮಿ. ಧಾರವಾಡ ಜಿಲ್ಲೆಯವರಿಗೆ ಘಟ್ಟ ಇಳಿದರೆ ಸಿಗುವ ಊರು. 1961ರ ಡಿಸೆಂಬರಿನಲ್ಲಿ ಪೋರ್ತುಗೀಜರಿಂದ ಅದು ಬಿಡುಗಡೆಯಾಗಿ ಏಳು ವರ್ಷ ಸಹ ಆಗಿರಲಿಲ್ಲ. ಅಲ್ಲಿಂದ ಕಳ್ಳದಾರಿಯಲ್ಲಿ ಬಂದ ವಾಚು, ಟ್ರಾನ್ಸಿಸ್ಟರುಗಳ ಮಾತು ಪೇಟೆಯಲ್ಲಿ ಮಾಮೂಲು. ದುಡಿಯಲು ಅಲ್ಲಿಗೆ ಹೋಗಿ ಬಂದವರೂ ಇದ್ದರು. ಅವರು ಚಿತ್ರ ನೋಡುವಾಗ ಉಳಿದವರಿಗೆ ಸುಖವಿಲ್ಲ: ಇದು ಇಂಥ ಬೀದಿ, ಅದು ಅಂಥ ಇಗರ್ಜಿ, ಅಲ್ಲಿಂದ ಇಲ್ಲಿಗೆ ಅಷ್ಟು ಬೇಗ ಮೋಟಾರು ಬರುವುದು ಸಾಧ್ಯವೇ ಇಲ್ಲ ಎಂಬ ತಕರಾರು. ಗೂಢಚಾರನನ್ನು ಹಿಡಿಯುವ ಗೂಢಚಾರರು!

ಹೆಂಗಸರ ಬದಿಯಲ್ಲಿ ವಿಚಾರಣೆ ಬೇರೆ ಬಗೆಯದು. ಮೊದಲನೆಯ ಚಿತ್ರದಲ್ಲಿ ಜಯಂತಿ, ಎರಡನೆಯದರಲ್ಲಿ ಕನ್ನಡಕ್ಕೆ ಆಗ ಹೊಸಬರಾಗಿದ್ದ ಲಕ್ಷ್ಮಿ, ಮೂರನೆಯದರಲ್ಲಿ ಮುಂದೆ ಹಿಂದಿಯಲ್ಲಿ ಬಹು ಪ್ರಸಿದ್ಧರಾದ ರೇಖಾ. “ಹ್ವಾದ ಸಲದಾಕಿ ಎಲ್ಲಿ ಹ್ವಾದಳವಾ?” ಎಂದು ನಮ್ಮ ಅತ್ತಿ ಕೇಳಿದ ಪ್ರಶ್ನೆಗೆ ಇಡೀ ಮನೆಯಲ್ಲಿ ಉತ್ತರ ಹೇಳುವವರಿರಲಿಲ್ಲ. ಬಾಂಡನ ಲೋಕದಲ್ಲಿ ಇದು ಪ್ರಶ್ನೆಯೇ ಅಲ್ಲ. ಪ್ರತಿ ಚಿತ್ರಕ್ಕೊಬ್ಬ ಸುಂದರಿ ಎಂಬುದು ಅಲ್ಲಿಯ ನಿಯಮ. ಪೂರ್ವಕಥೆಯನ್ನು ಮರೆಯದ ಪ್ರೇಕ್ಷಕರಿಗೆ, ಅದರಲ್ಲಿಯೂ ವಾರವಾರ ಧಾರಾವಾಹಿಯನ್ನು ಓದಿ ಹಿಂದಿನ ಕಂತಿನ ಎಳೆ ಹಿಡಿಯಬಲ್ಲ ಹೆಣ್ಣುಮಕ್ಕಳಿಗೆ, ಪ್ರಕಾಶನು ಒಬ್ಬನೇ ಮನುಷ್ಯನಾದ ಮೇಲೆ ಹಿಂದಿನ ಸಂಬಂಧವೂ ಇರಲೇಬೇಕು. ಇದನ್ನು ಹಳ್ಳಿಗರ ಮುಗ್ಧತೆ ಎಂದು ತಳ್ಳಿಹಾಕುವುದು ಸುಲಭ. ನನಗೆ ತೋರುವಂತೆ ಮಾಲಿಕೆಯ ಚಿತ್ರಗಳ ಬಗೆಗೆ ಯಾರಾದರೂ ಕೇಳಬಹುದಾದ ಅತ್ಯಂತ ಕಠಿಣವಾದ ಪ್ರಶ್ನೆ ಅದೇ. ಬಾಂಡ್ ಚಿತ್ರಗಳ ಕರ್ತೃಗಳು ಅದಕ್ಕೆ ಗಂಭೀರವಾಗಿ ಉತ್ತರ ಹೇಳಲು ಹೊರಟುದು 2006ರ ‘ಕ್ಯಾಸಿನೊ ರಾಯಲ್’ದ ಬಳಿಕ, ಅಲ್ಲಿ ತೀರಿಹೋದ ಪ್ರಿಯೆಯ ನೆನಪು ಮುಂದಿನ ಚಿತ್ರಗಳಲ್ಲಿಯೂ ನಾಯಕನನ್ನು ಬಿಡುವುದಿಲ್ಲ. ಅತ್ತಿಗೆ ಅದನ್ನು ಹೇಳುವ ಭಾಗ್ಯ ನನಗಿರಲಿಲ್ಲ.

ಕುಣಿತದ ದೃಶ್ಯಗಳು ಬಂದಾಗ ಹಿರಿಯ ಹೆಂಗಸರು ಮಕ್ಕಳ ಕಣ್ಣು ಮುಚ್ಚುವುದೂ, ಮಕ್ಕಳು ಬೆರಳ ಸಂದಿಯಿಂದ ನೋಡುವುದೂ ನಡೆಯಿತು. ಆದರೆ ಅಜ್ಜನ ಆತಂಕ ನಿಜವಾಗಲಿಲ್ಲ. ಸಿಗರೇಟು, ಮದ್ಯಗಳಿಂದ ದೂರ ಉಳಿದ ನಟನೆಂಬ ರಾಜಕುಮಾರ್ ಅವರ ಹೆಸರು ಈ ಚಿತ್ರಗಳ ತರುವಾಯವೂ ಹಾಗೆಯೇ ಉಳಿಯಿತು. ಮದ್ಯದ ಬಟ್ಟಲು ಬಾಂಡನ ಲಾಂಛನ. ಅದನ್ನು ಕಳೆದರೂ ಗೂಢಚಾರನು ಗೂಢಚಾರನಾಗಿಯೇ ಉಳಿಯಬಲ್ಲನೆಂದು 999 ತೋರಿಸಿದ. ಇದನ್ನು ಬರಿಯ ಅನುಕರಣ ಎಂದು ಅಂದಿನ ಕೆಲವು ಪಟ್ಟಣಿಗರು ಹಗುರವಾಗಿ ಆಡಿಕೊಂಡರು, ಇಂದೂ ಆಡಿಕೊಳ್ಳುವವರಿದ್ದಾರೆ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಯಂತ್ರ, ಮೋಟಾರು, ಕೋಟು ಎರವಲು ತಂದವು. ತೆರೆಯ ಮುಂದೆ ಕುಳಿತವರು ಯಾವುದನ್ನು ಸಹಿಸುವರು, ಯಾವುದನ್ನು ಸಹಿಸಲಾರರು ಎಂಬ ಎಚ್ಚರ ಮಾತ್ರ ಎರವಲಿನದಲ್ಲ.

ಒಂಬತ್ತು ವರ್ಷಗಳ ಮೌನ

1969ರ ಬಳಿಕ 999 ಕಾಣೆಯಾದ. ಅವನನ್ನು ಕಟ್ಟಿದ ಜೋಡಿ ದಾರಿ ಬದಲಿಸಿತು: 1971ರಲ್ಲಿ ‘ಕಸ್ತೂರಿ ನಿವಾಸ’, 1974ರಲ್ಲಿ ‘ಎರಡು ಕನಸು’, 1976ರಲ್ಲಿ ‘ಬಯಲುದಾರಿ’. ಗುಂಡು ಹಾರಿಸಿದ ನಿರ್ದೇಶಕರೇ ಈಗ ಕಣ್ಣೀರು ತರಿಸಿದರು. ರಾಜಕುಮಾರ್ ಅವರು 1972ರ ‘ಬಂಗಾರದ ಮನುಷ್ಯ’ದಲ್ಲಿ ರೈತನಾದರು, ‘ಮಯೂರ’ನಾದರು, ಸನಾದಿ ಅಪ್ಪಣ್ಣನಾದರು. ಡೇರೆಯಲ್ಲಿ 999ನ್ನು ಕೂಗಿ ಎಚ್ಚರಿಸಿದ ಹುಡುಗರು ಮೀಸೆ ಬಂದ ತರುಣರಾದರು. 1973ರಲ್ಲಿ ರಾಜ್ಯದ ಹೆಸರೇ ಮೈಸೂರು ಹೋಗಿ ಕರ್ನಾಟಕವಾಯಿತು.

1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು. ಈ ಸಲ ಬಣ್ಣದಲ್ಲಿ. ನಾಯಕಿ ಪದ್ಮಪ್ರಿಯ, ಹೊರಾಂಗಣ ನೇಪಾಳದಲ್ಲಿ. ಕಪ್ಪು ಬಿಳುಪಿನಲ್ಲಿ ನೆನಪಿದ್ದವನು ವರ್ಣಮಯನಾಗಿ ಮರಳಿದಾಗ ಪ್ರೇಕ್ಷಕರಲ್ಲಿ ಎರಡು ಮತಗಳಾದುವು. ಹಿಮದ ಬೆಟ್ಟಗಳನ್ನೂ ಹೊಸ ಬೀದಿಗಳನ್ನೂ ಕಂಡು ಹಿಗ್ಗಿದವರು ಬಹಳ. ನೆರಳು ಬೆಳಕಿನ ಮೊದಲಿನ ಭಯ ಬಣ್ಣದಲ್ಲಿ ತೆಳುವಾಯಿತೆಂದವರೂ ಇದ್ದರು, ಅವರಲ್ಲಿ ನಾನೂ ಒಬ್ಬ. ಕತ್ತಲೆ ಕೋಣೆ ಕಪ್ಪಗಿದ್ದರೇ ಚೆನ್ನ. ನಾಯಕನಿಗೆ ಆಗ 49 ವರ್ಷ. ವಯಸ್ಸಾಯಿತೆಂದು ಗೊಣಗಿದವರಿಗೆ, ಲಂಡನ್ನಿನ ಬಾಂಡ್ ರೋಜರ್ ಮೂರ್ ಅವರು 1927ರಲ್ಲಿ ಹುಟ್ಟಿದವರೆಂಬುದು ತಿಳಿದಿರಲಿಕ್ಕಿಲ್ಲ.

ಈ ಚಿತ್ರದ ನಿಜವಾದ ವಿಸ್ಮಯ ಒಂದು ಇಂಗ್ಲಿಷ್ ಹಾಡು. ಮೊದಲ ಮೂರು ಚಿತ್ರಗಳ ಕಾಲಕ್ಕೆ ರಾಜಕುಮಾರ್ ಅವರಿಗೆ ತೆರೆಯ ಹಿಂದೆ ಹಾಡುತ್ತಿದ್ದವರು ಪಿ. ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ದಿಂದ ನಟರೇ ಹಾಡತೊಡಗಿದ್ದರು. ಹೀಗಾಗಿ ಚಿ. ಉದಯಶಂಕರ್ ಬರೆದು, ಜಿ. ಕೆ. ವೆಂಕಟೇಶ್ ರಾಗ ಕೂಡಿಸಿದ ಆ ಹಾಡನ್ನು ರಾಜಕುಮಾರ್ ಅವರೇ ಹಾಡಿದರು. ನಾಟಕ ಕಂಪನಿಯಲ್ಲಿ ಬೆಳೆದು, ಶಾಲೆಯ ಓದನ್ನು ಚಿಕ್ಕಂದಿನಲ್ಲಿಯೇ ಬಿಟ್ಟವರ ಬಾಯಲ್ಲಿ ಇಂಗ್ಲಿಷ್! ಕಾಲೇಜಿನ ಹುಡುಗರು ಉಚ್ಚಾರಕ್ಕೆ ನಕ್ಕರು. ನೆಲದ ದರ್ಜೆಯವರು ಚಪ್ಪಾಳೆ ತಟ್ಟಿದರು: ನಮ್ಮವನಿಗೂ ಬರುತ್ತದೆ, ನೋಡಿರಿ! ನಾಲ್ಕೇ ವರ್ಷಗಳಲ್ಲಿ, 1982ರಲ್ಲಿ, ಇದೇ ನಟರು ಕನ್ನಡಕ್ಕೆ ಅಗ್ರಸ್ಥಾನ ಬೇಕೆಂಬ ಗೋಕಾಕ ಚಳವಳಿಯ ಮುಂದಾಳಾದರು. ಆ ಚಳವಳಿಗೆ ಆಧಾರವಾದ ವರದಿಯ ವಿನಾಯಕ ಕೃಷ್ಣ ಗೋಕಾಕರು ನಮ್ಮ ನೆರೆಯ ಸವಣೂರಿನಲ್ಲಿ ಹುಟ್ಟಿದವರು. ಆ ಇಂಗ್ಲಿಷ್ ಹಾಡಾದರೋ ಸಾಯಲಿಲ್ಲ. ಚಿತ್ರ ಬಂದಾಗ ಹುಟ್ಟದೇ ಇದ್ದ ತರುಣ ತರುಣಿಯರು ದಶಕಗಳ ಮೇಲೆ ಅದನ್ನು ಮೊಬೈಲ್ ಫೋನುಗಳಲ್ಲಿ ಕಂಡು, ಮೊದಲು ನಕ್ಕು, ಬಳಿಕ ಗುಣುಗುಣಿಸಿ, ಕೊನೆಗೆ ಪ್ರೀತಿಸಿದರು. ಕನ್ನಡ ಅರಿಯದವರಿಗೂ ಅದರ ಪರಿಚಯವಾಯಿತು.

ಉಳಿದ ಕಡೆಯ ಪ್ರೇಕ್ಷಕರು

ಮಾಲಿಕೆಯ ಹೊಸ ಚಿತ್ರವೆಂದರೆ ಜಗತ್ತಿನಾದ್ಯಂತ ಪ್ರೇಕ್ಷಕನು ನ್ಯಾಯಾಧೀಶನಾಗುತ್ತಾನೆ. 1969ರಲ್ಲಿ ಕಾನರಿಯ ಬದಲಿಗೆ ಜಾರ್ಜ್ ಲೇಜನ್‌ಬಿ ಎಂಬವರು ಬಾಂಡ್ ಆದರು. ಅವರದು ಆ ಒಂದೇ ಚಿತ್ರ, 1971ರಲ್ಲಿ ಕಾನರಿಯೇ ಮರಳಿದರು. 2005ರಲ್ಲಿ ಡೇನಿಯಲ್ ಕ್ರೇಗ್ ಅವರ ಹೆಸರು ಹೊರಬಿದ್ದಾಗ, ಹೊಂಬಣ್ಣದ ಕೂದಲಿನವನು ಬಾಂಡ್ ಆಗಲಾರನೆಂದು ಅಭಿಮಾನಿಗಳು ಬಹಿಷ್ಕಾರದ ಕೂಗೆಬ್ಬಿಸಿದರು. ಮರುವರ್ಷ ಚಿತ್ರ ನೋಡಿ ಹಲವರು ಮೆತ್ತಗಾದರು. 2015ರಲ್ಲಿ ‘ಸ್ಪೆಕ್ಟರ್’ ಭಾರತಕ್ಕೆ ಬಂದಾಗ ನಮ್ಮ ಸೆನ್ಸಾರ್ ಮಂಡಳಿ ಚುಂಬನಗಳ ಉದ್ದವನ್ನು ಕತ್ತರಿಸಿತು; ‘ಸಂಸ್ಕಾರಿ ಬಾಂಡ್’ ಎಂದು ದೇಶವೆಲ್ಲ ನಕ್ಕಿತು. 999ರ ಪ್ರೇಕ್ಷಕರಿಗೆ ಈ ನಗೆ ವಿಚಿತ್ರವಾಗಿ ಕೇಳಿಸಿರಬೇಕು. ಕತ್ತರಿಯ ಕೆಲಸವನ್ನು ಚಿತ್ರೀಕರಣಕ್ಕೆ ಮೊದಲೇ, ಪ್ರೇಕ್ಷಕರನ್ನು ಬಲ್ಲವರು ಮಾಡಿ ಮುಗಿಸಿದ್ದ ಕಾಲ ಅವರದು. 2021ರ ‘ನೋ ಟೈಮ್ ಟು ಡೈ’ಯಲ್ಲಿ ಬಾಂಡ್ ಸತ್ತೇಹೋದಾಗ ಅತ್ತವರಿದ್ದರು, ಮೋಸವಾಯಿತೆಂದು ಸಿಟ್ಟಾದವರೂ ಇದ್ದರು.

ಹಿಂದಿಯಲ್ಲಿ 2012ರಿಂದ ನಡೆದುಬಂದ ‘ಟೈಗರ್’ ಮಾಲಿಕೆಯ ಮೂರನೆಯ ಚಿತ್ರ 2023ರ ದೀಪಾವಳಿಗೆ ಬಂದಾಗ, ಮಹಾರಾಷ್ಟ್ರದ ಮಾಲೆಗಾಂವಿನ ಚಿತ್ರಮಂದಿರದೊಳಗೆ ಅಭಿಮಾನಿಗಳು ಪಟಾಕಿ ಸಿಡಿಸಿದರು. ಜನ ದಿಕ್ಕಾಪಾಲಾಗಿ ಓಡಿದರು. ಹೀಗೆ ಮಾಡಬೇಡಿರೆಂದು ನಾಯಕ ನಟರೇ ಬೇಡಿಕೊಳ್ಳಬೇಕಾಯಿತು. ಉತ್ಸಾಹಕ್ಕೂ ಅವಿವೇಕಕ್ಕೂ ನಡುವೆ ಗೆರೆಯೆಳೆಯುವುದು ಕಷ್ಟವಲ್ಲ. ನಮ್ಮ ಡೇರೆಯಲ್ಲಿ ನಾಣ್ಯ ತೂರಿದವರುಂಟು, ಮರುದಿನ ಬೆಳಗ್ಗೆ ಆ ನಾಣ್ಯಗಳಿಗಾಗಿ ಮರಳು ಸೋಸಿದ ಹುಡುಗರೂ ಉಂಟು. ಬಟ್ಟೆಯ ಮಾಡಿನ ಕೆಳಗೆ ಬೆಂಕಿ ಹಚ್ಚುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

ಈಗ ಡೇರೆಗಳಿಲ್ಲ. ಒಂಟಿ ತೆರೆಯ ಚಿತ್ರಮಂದಿರಗಳು ಎಷ್ಟೋ ಕಡೆ ಮದುವೆಯ ಛತ್ರಗಳಾಗಿವೆ. ಬೆಂಗಳೂರಿನ ಪ್ಲಾಜಾ, ರೆಕ್ಸ್‌ಗಳೂ ಉಳಿಯಲಿಲ್ಲ. ‘ಜೇಡರ ಬಲೆ’ಯನ್ನು ಇಂದು ನೋಡಬೇಕೆಂದರೆ ಅಂಗೈಯಲ್ಲಿಯೇ ನೋಡಬಹುದು, ಒಬ್ಬನೇ ಕುಳಿತು. “ಹಿಂದ ನೋಡಪಾ” ಎಂದು ಕೂಗಿದರೆ ಮನೆಯವರು ಗಾಬರಿಯಾಗುತ್ತಾರೆ.

ರಾಜಕುಮಾರ್ 2006ರ ಏಪ್ರಿಲಿನಲ್ಲಿಯೂ, ಮೊದಲ ಚಿತ್ರದ ನಾಯಕಿ ಜಯಂತಿಯವರು 2021ರ ಜುಲೈಯಲ್ಲಿಯೂ ತೀರಿಕೊಂಡರು. ಜೋಡಿಯಲ್ಲಿ ದೊರೈ ಅವರು ಮೊದಲೇ ಅಗಲಿದ್ದರು. 2023ರ ಫೆಬ್ರವರಿ 20ರಂದು, 89ನೆಯ ವಯಸ್ಸಿನಲ್ಲಿ, ಭಗವಾನ್ ಅವರೂ ಹೋದರು. 1978ರ ತರುವಾಯ ಪ್ರಕಾಶನ ಪಾತ್ರದಲ್ಲಿ ರಾಜಕುಮಾರ್ ಮತ್ತೆ ಕಾಣಲಿಲ್ಲ. ಬಾಂಡನ ಅಂಗಿಯನ್ನು ಒಬ್ಬರಾದ ಮೇಲೊಬ್ಬರಂತೆ ಆರು ಮಂದಿ ತೊಟ್ಟರು. 999ರ ಸಂಖ್ಯೆಯನ್ನು ಬೇರೆ ನಟರಿಗೆ ಕೊಡಬಹುದೇ ಎಂದು ಇತ್ತೀಚೆಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೇಳಿ ನೋಡಿದೆ. ನನ್ನ ಓರಗೆಯವರು ಮೂವರಿದ್ದರು. ಇಬ್ಬರು ಕೂಡದೆಂದರು. ಮೂರನೆಯವನು, ಒಂದು ಕಾಲಕ್ಕೆ ನೆಲದ ಮುಂದಿನ ಸಾಲು ಬಿಟ್ಟು ಕದಲದಿದ್ದವನು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾವಿರದಾಂವ ಒಬ್ಬ ಇನ್ನೂ ಬಾಕಿ ಅದಾನಲ್ಲ, ಅವನ್ನ ತಗೀಲಿ” ಎಂದ.